ನಾಲ್ಕು ಎಂಟು

ನನ್ನ ಮೈದುನನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಒಂದೂ ಇಲ್ಲ. ಬಿ.ಪಿ.ಗೆ ಯಾವ ಸೊಪ್ಪು ತಿನ್ನಬೇಕು, ಮೆಟ್ರೊ ಕಂಬವನ್ನು ಎಷ್ಟು ಆಳಕ್ಕೆ ಇಳಿಸಬೇಕಿತ್ತು, ಸಾರಿಗೆ ಒಗ್ಗರಣೆಯನ್ನು ಒಲೆಯ ಮೇಲಿರುವಾಗ ಹಾಕಬೇಕೋ ಇಳಿಸಿದ ಮೇಲೆ ಹಾಕಬೇಕೋ, ಎಲ್ಲಕ್ಕೂ ಅವನ ಹತ್ತಿರ ಉತ್ತರ ಸಿದ್ಧ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಜೆ.ಪಿ. ನಗರದ ಮನೆಯ ಸೋಫಾದಲ್ಲಿ ಕಾಲು ಚಾಚಿ ಫೋನಿನಲ್ಲಿ ವಿಡಿಯೊ ನೋಡುವುದೇ ಅವನ ವಿದ್ಯಾಭ್ಯಾಸ. ಬೆಳಿಗ್ಗೆ ಒಂದು ವಿಡಿಯೊ ನೋಡಿದರೆ ಮಧ್ಯಾಹ್ನದ ಹೊತ್ತಿಗೆ ಅವನು ಆ ವಿಷಯದಲ್ಲಿ ಪಂಡಿತ. ನಮ್ಮ ಯಜಮಾನರು ಇದ್ದಾಗ ತಮ್ಮನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸವೂ ನನ್ನ ಪಾಲಿಗೇ ಬಂತು.

ನೆಟ್ಟಿನ ವಿಡಿಯೊ ನೋಡಲು ಟಿವಿಗೆ ಸಿಕ್ಕಿಸುವ ಸ್ಟ್ರೀಮಿಂಗ್ ಡಬ್ಬಿಯನ್ನು ನಮಗೆ ಕೊಟ್ಟವನೂ ಅವನೇ. ತಾನು ಹೊಸದು ತಂದುಕೊಂಡು ಹಳೆಯದನ್ನು ತ್ಯಾಗರಾಜನಗರದ ನಮ್ಮ ಮನೆಗೆ ಸಾಗಿಸಿದ. ಆದರೆ ಕೊಟ್ಟ ವೈಖರಿ ನೋಡಬೇಕಿತ್ತು, ಗೋದಾನ ಮಾಡುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟ. "ಅತ್ತಿಗೆ, ಇದ್ರಲ್ಲಿ ಇಡೀ ಪ್ರಪಂಚ ಬರುತ್ತೆ," ಅಂದ. ಮೊದಲು ಬಂದದ್ದು ಅಡುಗೆ ಎಣ್ಣೆಯ ಜಾಹೀರಾತು, ಆಮೇಲೆ ಬಂದದ್ದು ಇನ್ನೊಂದು ಅಡುಗೆ ಎಣ್ಣೆಯ ಜಾಹೀರಾತು. ಕಿತ್ತು ಟಿವಿಯ ಹಿಂದೆ ಎಸೆದೆ. ಎರಡು ವರ್ಷ ಅಲ್ಲೇ ಧೂಳು ತಿನ್ನುತ್ತ ಬಿದ್ದಿತ್ತು. ಅಕ್ಕನಿಗೆ ಸ್ಟ್ರೋಕ್ ಆಗದಿದ್ದರೆ ಇವತ್ತಿಗೂ ಅಲ್ಲೇ ಇರುತ್ತಿತ್ತು.

ಅಕ್ಕ ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು. ಸಿದ್ದಾಪುರದ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಇದ್ದು, ಅಲ್ಲೇ ನಿವೃತ್ತಳಾದವಳು. ಮಕ್ಕಳು ಅವಳಿಗೆ ಇಟ್ಟ ಹೆಸರು 'ಮಗ್ಗಿ ಮಿಸ್ಸು'. ಒಂದರಿಂದ ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸದೆ ಅವಳ ಕ್ಲಾಸು ದಾಟಿದ ಮಗು ಇಲ್ಲ. ನೋಡಲು ಬಂದ ಗಂಡುಗಳನ್ನೂ ಹದಿಮೂರರ ಮಗ್ಗಿ ಕೇಳಿದಳು, ಒಬ್ಬನೂ ಪಾಸಾಗಲಿಲ್ಲ, ಅದಕ್ಕೇ ಮದುವೆಯಾಗಲಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದರು. ಸುಳ್ಳಿರಬಹುದು, ಆದರೆ ಕೇಳಿದವರು ಯಾರೂ ಸುಳ್ಳು ಅನ್ನಲಿಲ್ಲ. ಮನೆಯಲ್ಲಿ ಅವಳ ಮೊದಲ ವಿದ್ಯಾರ್ಥಿನಿ ನಾನು. ಆರರವರೆಗೆ ಹೇಗೋ ದಾಟಿದೆ. ಏಳರ ಮಗ್ಗಿ ಮಾತ್ರ ನನ್ನ ತಲೆಗೆ ಹತ್ತಲೇ ಇಲ್ಲ. ಪ್ರತಿ ಸಲ ಎಡವಿದಾಗಲೂ ಅವಳು ತಲೆಗೆ ಮೊಟಕಿ ಒಂದೇ ಮಾತು ಹೇಳುತ್ತಿದ್ದಳು, "ದಡ್ಡಿ." ನನಗೆ ಮದುವೆಯಾದ ಮೇಲೂ, ಕೆಲಸ ಸಿಕ್ಕಿದ ಮೇಲೂ, ತಲೆ ನೆರೆತ ಮೇಲೂ ನಾನು ಅವಳಿಗೆ ದಡ್ಡಿಯೇ. ಯಜಮಾನರು ತೀರಿಕೊಂಡು ಅವಳು ನನ್ನ ಜೊತೆ ಇರಲು ಬಂದ ದಿನ, ಹೊಸಿಲು ದಾಟುವ ಮೊದಲೇ ಅಂದಿದ್ದಳು, "ಬಾಗ್ಲಿಗೆ ಚಿಲಕ ಹಾಕ್ದೆ ಮಲಗ್ತೀಯಂತೆ. ದಡ್ಡಿ."

ಯುಗಾದಿಯ ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಅವಳ ಕೈಯಿಂದ ಜಾರಿತು. ಬಲಗೈ ಹೋಯಿತು, ಬಲಗಡೆಯ ಅರ್ಧ ನೋಟ ಹೋಯಿತು, ಮಾತು ಪೂರ್ತಿ ಹೋಯಿತು. ಎಲ್ಲಾ ಅರ್ಥವಾಗುತ್ತದೆ, ಬುದ್ಧಿ ಚೂರಿಯ ಹಾಗೆ ಹರಿತ, ಬಾಯಿಂದ ಮಾತ್ರ "ಹ್ಞಾ" ಎನ್ನುವ ಒಂದು ಸದ್ದು ಬಿಟ್ಟು ಇನ್ನೇನೂ ಇಲ್ಲ. ಜನ್ಮವಿಡೀ ಬಾಯಿಂದಲೇ ಬದುಕಿದವಳು ದಿವಾನದ ಮೇಲೆ ಸುಮ್ಮನೆ ಕೂತಿರುವುದನ್ನು ನೋಡಿ ನಾನು ಎಷ್ಟೋ ಸಲ ಅಡುಗೆಮನೆಗೆ ಹೋಗಿ ಅತ್ತಿದ್ದೇನೆ.

ಮಾತು ಕಲಿಸುವ ಥೆರಪಿಸ್ಟ್ ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಬರುತ್ತಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಕೆಲಸದಲ್ಲಿ ಶಿಸ್ತು. ಒಂದು ಸಲ ಅವಳು ಚಿತ್ರದ ಕಾರ್ಡುಗಳನ್ನು ತಂದಳು. ನೀರಿನ ಲೋಟ, ಇಡ್ಲಿ, ಬಚ್ಚಲುಮನೆ, ಮಾತ್ರೆ. ಬೇಕಾದುದನ್ನು ಬೆರಳಿಟ್ಟು ತೋರಿಸುವುದಂತೆ. ಅಕ್ಕ ಎಡಗೈಯಿಂದ ಆ ಕಟ್ಟನ್ನು ತೆಗೆದು ನೆಲಕ್ಕೆ ಬಿಸಾಕಿದಳು. ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಆ ಹುಡುಗಿ ಕಾರ್ಡುಗಳನ್ನು ಆರಿಸಿಕೊಳ್ಳುತ್ತ ನನ್ನನ್ನು ಹೊರಗೆ ಕರೆದು ಹೇಳಿದಳು, "ಆಂಟಿ, ಆರು ತಿಂಗಳಾಗ್ತಾ ಬಂತು. ನಮ್ಮ ಆಸ್ಪತ್ರೆಯ ಆ್ಯಪಲ್ಲಿ ದಿನಾ ಅರ್ಧ ಗಂಟೆ ಪಾಠ ಇದೆ, ದೊಡ್ಡ ಟಿವಿಲಿ ಹಾಕಿ, ಬಾಯಿ ಚೆನ್ನಾಗಿ ಕಾಣ್ಬೇಕು. ಎರಡು ವಾರ ಒಂದು ದಿನಾನೂ ತಪ್ಪಿಸ್ಬೇಡಿ. ಆ ಶುಕ್ರವಾರ ಬಂದಾಗ ಒಂದಾದ್ರೂ ಮಾತು ಬಂದ್ರೆ ಮುಂದುವರಿಸೋಣ. ಇಲ್ಲಾಂದ್ರೆ ಮಾತಿನ ಪಾಠ ನಿಲ್ಸಿ ಕಾರ್ಡ್ ಅಭ್ಯಾಸ ಮಾಡ್ಸೋಣ. ಅವರಿಗೂ ಸುಮ್ಮನೆ ಹಿಂಸೆ."

ಆಗ ನಾನು ಟಿವಿಯ ಹಿಂದೆ ಕೈ ಹಾಕಿ ಆ ಡಬ್ಬಿಯನ್ನು ಹೊರಗೆಳೆದೆ.

ಪಾಠವೆಂದರೆ ಟಿವಿಯ ತುಂಬ ಒಬ್ಬ ಹೆಂಗಸಿನ ಬಾಯಿ. "ನೀ... ರು... ನೀ... ರು... ಶಹಬ್ಬಾಸ್!" ಯಾರು ಏನು ಹೇಳಿದರೆಂದು ಶಹಬ್ಬಾಸ್ ಹೇಳುತ್ತಾಳೋ ಆ ಪುಣ್ಯಾತ್ಗಿತ್ತಿ. ಅಕ್ಕ ಅವಳನ್ನು ಕಣ್ಣಲ್ಲೇ ಸುಡುವ ಹಾಗೆ ನೋಡುತ್ತಿದ್ದಳು. ಆದರೂ ಒಂದು ವಾರ ಕಳೆದ ಮೇಲೆ, ಅವಳಿಗೇ ಗೊತ್ತಿಲ್ಲದೆ, ತುಟಿಯ ಎಡಭಾಗ ಅಲುಗತೊಡಗಿತು. ಸದ್ದಿಲ್ಲ, ಅಲುಗಾಟ ಅಷ್ಟೇ. ಇನ್ನೊಂದು ವಾರ ಸಿಕ್ಕರೆ ಏನಾದರೂ ಬಂದೇ ಬರುತ್ತದೆ ಎಂದು ನಾನು ಮನೆದೇವರಿಗೆ ಮುಡಿಪು ಕಟ್ಟಿದೆ.

ಆ ಕೊನೆಯ ವಾರದ ಸೋಮವಾರವೇ ಪಾಠ ನಿಂತಿತು. ಉಳಿದದ್ದೆಲ್ಲ ಟಿವಿಯಲ್ಲಿ ಚೆನ್ನಾಗಿ ಬರುತ್ತಿದೆ, ಅಡುಗೆ ಎಣ್ಣೆಯೂ ಬರುತ್ತಿದೆ. ಆಸ್ಪತ್ರೆಯ ಆ್ಯಪ್ ಒತ್ತಿದರೆ ಮಾತ್ರ 'ಸರ್ವರ್ ಸಿಗುತ್ತಿಲ್ಲ' ಎಂದು ಬರುತ್ತದೆ. ಇಂಟರ್‌ನೆಟ್ ಕೊಡುವ ಕೇಬಲ್ ಆಫೀಸಿಗೆ ಫೋನ್ ಮಾಡಿದೆ.

"ರೂಟರ್ ಆಫ್ ಮಾಡಿ ಆನ್ ಮಾಡಿ ಮೇಡಂ."

"ಮಾಡಿದೆ."

"ಇನ್ನೊಂದ್ಸಲ ಮಾಡಿ ಮೇಡಂ."

"ಮೂರು ಸಲ ಮಾಡಿದೀನಪ್ಪ."

"ಬೇರೆದೆಲ್ಲ ಬರ್ತಾ ಇದೆಯಲ್ಲ ಮೇಡಂ? ನಮ್ ಕಡೆಯಿಂದ ಎಲ್ಲಾ ಓಕೆ. ಆ್ಯಪ್ ಪ್ರಾಬ್ಲಂ."

ಆಸ್ಪತ್ರೆಗೆ ಮಾಡಿದೆ. ಅಲ್ಲೊಬ್ಬಳು ಜೇನಿನಂಥ ದನಿಯಲ್ಲಿ, ನಮ್ಮ ಕಡೆಯಿಂದ ಎಲ್ಲಾ ಓಕೆ ಮೇಡಂ, ನಿಮ್ಮ ನೆಟ್ ಪ್ರಾಬ್ಲಂ ಅಂದಳು. ಎಲ್ಲರ ಕಡೆಯಿಂದಲೂ ಎಲ್ಲಾ ಓಕೆಯೇ. ನಮ್ಮ ಮನೆಯ ದಿವಾನದ ಮೇಲೆ ಕೂತಿರುವವಳಿಗೆ ಮಾತ್ರ ಓಕೆ ಇಲ್ಲ. ಫೋನಿನಲ್ಲಿ ಅದೇ ಪಾಠ ತೆರೆಯುತ್ತಿತ್ತು, ಮೊಬೈಲಿನ ನೆಟ್ಟು ಬೇರೆಯಂತೆ. ಅಕ್ಕನ ಮುಂದೆ ಹಿಡಿದೆ. ಅರ್ಧವೇ ಕಾಣುವ ಕಣ್ಣಿಗೆ ಬೆರಳುದ್ದದ ಬಾಯಿ ಎಲ್ಲಿ ಕಾಣಬೇಕು? ಫೋನನ್ನು ತಳ್ಳಿ ಗೋಡೆಯ ಕಡೆ ಮುಖ ತಿರುಗಿಸಿದಳು.

ಸಂಜೆ ಮೈದುನ ಫೋನ್ ಮಾಡಿದ. ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿದೆ.

"ಅತ್ತಿಗೆ, ಇದು ಡಿಎನ್‌ಎಸ್ ಪ್ರಾಬ್ಲಂ! ಡಿಎನ್‌ಎಸ್ ಚೇಂಜ್ ಮಾಡಿದ್ರೆ ಆಯ್ತು. ನಾನು ನಿನ್ನೆ ತಾನೆ ಒಂದು ವಿಡಿಯೊ ನೋಡ್ದೆ."

"ಹಾಗಂದ್ರೇನಪ್ಪ?"

"ಅದೆಲ್ಲ ಟೆಕ್ನಿಕಲ್ ಅತ್ತಿಗೆ. ನಿಮಗೆ ಅರ್ಥ ಆಗಲ್ಲ."

"ಅರ್ಥ ಆಗಲ್ಲ ಅಂತ ನಿನಗೆ ಹೇಗೆ ಗೊತ್ತು? ಹೇಳಿ ನೋಡು."

ಅವನು ಒಂದು ನಿಟ್ಟುಸಿರು ಬಿಟ್ಟ. ಅಜ್ಜಿಗೆ ಕೆಮ್ಮು ಕಲಿಸಲು ಹೊರಟವನ ನಿಟ್ಟುಸಿರು. "ಈಗ ನೋಡಿ, ಪ್ರತಿ ವೆಬ್‌ಸೈಟ್‌ಗೂ ಒಂದು ಹೆಸರಿರುತ್ತೆ. ಆದ್ರೆ ಮೆಷೀನ್‌ಗೆ ಹೆಸರು ಬೇಡ, ನಂಬರ್ ಬೇಕು. ಅದಕ್ಕೆ ಮಧ್ಯದಲ್ಲಿ ಒಬ್ರು ಕೂತಿರ್ತಾರೆ ಅನ್ಕೊಳಿ. ನೀವು ಹೆಸರು ಹೇಳಿದ್ರೆ ಅವ್ರು ನಂಬರ್ ಹುಡುಕಿ ಕೊಡ್ತಾರೆ. ಅದೇ ಡಿಎನ್‌ಎಸ್. ಗೊತ್ತಾಯ್ತಾ? ಆಗಿರಲ್ಲ ಬಿಡಿ."

ಮೂವತ್ತೊಂದು ವರ್ಷ ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಡೈರೆಕ್ಟರಿ ಎನ್‌ಕ್ವೈರಿಯಲ್ಲಿ ಕೂತವಳು. ಕಿವಿಗೆ ಹೆಡ್‌ಫೋನ್, ಮುಂದೆ ದಿಂಬಿನಷ್ಟು ದಪ್ಪದ ಪುಸ್ತಕಗಳು. ಊರಿನವರು ಹೆಸರು ಹೇಳುವುದು, ನಾನು ನಂಬರು ಹುಡುಕಿ ಕೊಡುವುದು. ಮಧ್ಯದಲ್ಲಿ ಒಬ್ಬರು ಕೂತಿರ್ತಾರಂತೆ! ಆ ಕೂತಿದ್ದವಳು ನಾನೇ ಕಣೋ, ಗೂಬೆ. ಇವನ ಮದುವೆಗೆ ಹೆಣ್ಣಿನ ಮನೆಯವರ ನಂಬರು ಹುಡುಕಿಕೊಟ್ಟವಳೂ ನಾನೇ. ಅತ್ತಿಗೆ ಏನು ಕೆಲಸ ಮಾಡುತ್ತಿದ್ದಳು ಎಂದು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಎಕ್ಸ್‌ಚೇಂಜಿನಲ್ಲಿ ಅತ್ತಿಗೆ ಪ್ಲಗ್ಗು ಚುಚ್ಚುತ್ತಾಳೆ ಎಂದಷ್ಟೇ ಅವನ ತಿಳುವಳಿಕೆ.

ಅವನು ಹೇಳಿದ ತಕ್ಷಣ ನನಗೆ ಎಲ್ಲವೂ ಅರ್ಥವಾಗಿತ್ತು, ಅವನಿಗೆ ಅರ್ಥವಾದದ್ದಕ್ಕಿಂತ ಚೆನ್ನಾಗಿಯೇ. ಹೊಸ ಕನೆಕ್ಷನ್ ತೆಗೆದುಕೊಂಡವರ ಹೆಸರು, ನಂಬರು ಬದಲಾದವರ ಹೆಸರು ನಮ್ಮ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಫೋನು ಇರುತ್ತಿತ್ತು, ಮನುಷ್ಯ ಇರುತ್ತಿದ್ದ, ಪುಸ್ತಕದಲ್ಲಿ ಮಾತ್ರ ಇಲ್ಲ. ಕೇಬಲ್ ಆಫೀಸಿನವರ ಪುಸ್ತಕದಲ್ಲಿ ಆಸ್ಪತ್ರೆಯ ಹೆಸರು ತಪ್ಪಿಹೋಗಿದೆ, ಬೇರೆ ಪುಸ್ತಕ ಇಟ್ಟುಕೊಂಡವರನ್ನು ಕೇಳಿದರೆ ಸಿಗುತ್ತದೆ, ಇಷ್ಟೇ. ಹೊಟ್ಟೆ ಉರಿದದ್ದು ಏನೆಂದರೆ, ಆ ಬೃಹಸ್ಪತಿ ಹೇಳಿದ್ದು ಸರಿಯಾಗಿತ್ತು.

ಮಂಗಳವಾರ ಬೆಳಿಗ್ಗೆ ಅವನು ಫೋನಿನಲ್ಲಿ ಹೇಳುತ್ತ ಹೋದ, ನಾನು ರಿಮೋಟ್ ಹಿಡಿದು ಒತ್ತುತ್ತ ಹೋದೆ. ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಆರಿಸಿ, 'ಆಟೊಮ್ಯಾಟಿಕ್' ತೆಗೆದು 'ಸ್ಟ್ಯಾಟಿಕ್' ಮಾಡಿ, ಬಂದ ಅಂಕಿಗಳನ್ನು ಮುಟ್ಟದೆ ಮುಂದೆ ಮುಂದೆ ಹೋಗಿ. ಪ್ರತಿ ಹೆಜ್ಜೆಗೂ, "ಗಾಬರಿ ಆಗ್ಬೇಡಿ ಅತ್ತಿಗೆ, ನಾನಿದೀನಿ." ಟಿವಿಯ ಮುಂದೆ ನಿಂತವಳಿಗೆ ಗಾಬರಿಯೇನು, ಹುಲಿಯೇನು ಅದರೊಳಗಿದೆಯೇ? ಕೊನೆಗೆ ಡಿಎನ್‌ಎಸ್ ಎನ್ನುವ ಜಾಗ ಬಂತು.

"ಹ್ಞಾ, ಅಲ್ಲಿ ನಾಲ್ಕು ಎಂಟು ಹಾಕಿ. ಮಧ್ಯೆ ಮಧ್ಯೆ ಚುಕ್ಕಿ. ಅಷ್ಟೇ. ಅದೊಂಥರಾ..."

"ಗೊತ್ತಾಯ್ತು ಬಿಡು," ಎಂದು ಫೋನ್ ಇಟ್ಟೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕೆಲಸದಲ್ಲಿ ಒಂದು ನಿಯಮವಿತ್ತು. ನಂಬರು ಕೊಟ್ಟ ಮೇಲೆ, ಅತ್ತ ಕಡೆಯವರು ಎಷ್ಟೇ ಆತುರದಲ್ಲಿರಲಿ, "ತಿರುಗಿ ಹೇಳಿ ಸಾರ್" ಅನ್ನಬೇಕು. ಅವರು ತಿರುಗಿ ಹೇಳಬೇಕು, ನಾವು ಸರಿ ಅನ್ನಬೇಕು, ಆಮೇಲೆ ಲೈನು ಬಿಡಬೇಕು. ತಿರುಗಿ ಹೇಳದೆ ಫೋನ್ ಇಡುವವರನ್ನು ನಾನು ಹುಳದ ಹಾಗೆ ಕಾಣುತ್ತಿದ್ದೆ. ಇಂಥವರೇ ಆಮೇಲೆ ರಾಂಗ್ ನಂಬರಿಗೆ ಹೋಗಿ ಎನ್‌ಕ್ವೈರಿಯವರನ್ನು ಬೈಯುವವರು ಎಂದು ಪಕ್ಕದ ಸೀಟಿನವಳಿಗೆ ಹೇಳುತ್ತಿದ್ದೆ. ಅವತ್ತು ನಾನು ತಿರುಗಿ ಹೇಳಲಿಲ್ಲ. ಅರ್ಥ ಆಗಲ್ಲ ಅಂದವನ ಹತ್ತಿರ ಎರಡನೆಯ ಸಲ ಕೇಳುವುದೇ? ನನಗೇನು ಮಾನವಿಲ್ಲವೇ?

ನಮ್ಮ ವೃತ್ತಿಯಲ್ಲಿ 'ನಾಲ್ಕು ಎಂಟು' ಅಂದರೆ ಮೊದಲು ನಾಲ್ಕು, ಆಮೇಲೆ ಎಂಟು. ಒಂದೇ ಅಂಕಿ ಎರಡು ಸಲ ಬಂದರೆ ಡಬಲ್ ಅನ್ನಬೇಕು, ಮೂರು ಸಲ ಬಂದರೆ ಟ್ರಿಪಲ್ ಅನ್ನಬೇಕು. ಹೀಗೆಂದು ಹೇಳಿಕೊಟ್ಟೇ ನಮ್ಮನ್ನು ಸೀಟಿನಲ್ಲಿ ಕೂರಿಸುತ್ತಿದ್ದದ್ದು. ನಾಲ್ಕು, ಚುಕ್ಕಿ, ಎಂಟು ಎಂದು ಒತ್ತಿದೆ. ಡಬ್ಬಿ ಒಪ್ಪಲಿಲ್ಲ, ನಾಲ್ಕು ಮನೆ ತುಂಬಬೇಕು ಅಂದಿತು. ಅಯ್ಯೋ, ಎರಡು ಸಲ ಹೇಳುವುದನ್ನು ಒಂದೇ ಸಲ ಹೇಳಿದ್ದಾನೆ ದಡ್ಡ, ಎಂದುಕೊಂಡು ಇನ್ನೊಮ್ಮೆ ನಾಲ್ಕು, ಚುಕ್ಕಿ, ಎಂಟು ಸೇರಿಸಿದೆ. ಒಪ್ಪಿಕೊಂಡಿತು.

ಒಪ್ಪಿಕೊಂಡಿದ್ದೇ ತಡ, ಎಲ್ಲವೂ ನಿಂತುಹೋಯಿತು. ಆಸ್ಪತ್ರೆಯ ಪಾಠವಿರಲಿ, ಸುದ್ದಿಯಿಲ್ಲ, ಭಜನೆಯಿಲ್ಲ, ಅಡುಗೆ ಎಣ್ಣೆಯೂ ಇಲ್ಲ. ಮೊದಲು ಒಂದು ಹೆಸರು ಸಿಗುತ್ತಿರಲಿಲ್ಲ, ಈಗ ಯಾರ ಹೆಸರೂ ಸಿಗದು. ಅಕ್ಕ ಖಾಲಿ ಟಿವಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕಣ್ಣು ಮುಚ್ಚಿದಳು.

ಮೈದುನನಿಗೆ ಫೋನ್ ಮಾಡಿ ಜನ್ಮ ಜಾಲಾಡಿದೆ. "ಇದ್ದದ್ದನ್ನೂ ಹಾಳು ಮಾಡಿದ್ಯಲ್ಲೋ! ಶುಕ್ರವಾರ ಆ ಹುಡುಗಿ ಬರ್ತಾಳೆ. ಅಕ್ಕನ ಕೈಗೆ ಇಡ್ಲಿ ಚಿತ್ರ ಕೊಟ್ಟು ಹೋಗ್ತಾಳೆ. ಅದರ ಪಾಪ ನಿನಗೇ ಸುತ್ಕೊಳತ್ತೆ."

"ಅತ್ತಿಗೆ, ನೀವು ಏನೋ ತಪ್ಪು ಒತ್ತಿದೀರ."

"ನಾನು? ಮೂವತ್ತೊಂದು ವರ್ಷದಲ್ಲಿ ಒಂದು ನಂಬರ್ ತಪ್ಪು ಕೊಟ್ಟವಳಲ್ಲ ನಾನು."

"ಸರಿ ಸರಿ, ನಾನೇ ಬಂದು ನೋಡ್ತೀನಿ."

ಬುಧವಾರ ಬರಲಿಲ್ಲ. ಬನಶಂಕರಿಯಲ್ಲಿ ಯಾರದೋ ಗೃಹಪ್ರವೇಶವಂತೆ, ಊಟ ಬಿಟ್ಟು ಬರಲಾಗುವುದಿಲ್ಲವಂತೆ. ಅಕ್ಕನ ಮಾತಿಗಿಂತ ಹೋಳಿಗೆ ದೊಡ್ಡದು. ಆ ಇಡೀ ದಿನ ನಾನೇ ಅಕ್ಕನ ಎದುರು ಕೂತು ಬಾಯಿ ಅಗಲಿಸಿ "ನೀ... ರು" ಅಂದೆ. ಅವಳ ತುಟಿ ಅಲುಗಲಿಲ್ಲ. ಇವಳಿಗೆ ಹುಚ್ಚು ಹಿಡಿಯಿತೇ ಎನ್ನುವ ಹಾಗೆ ನೋಡಿದಳು. ಹೋದ ವಾರ ಬಂದಿದ್ದ ಆ ಚೂರು ಅಲುಗಾಟವೂ ಹೊರಟುಹೋಯಿತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಹಾನುಭಾವ ಬಂದ. ಕುತ್ತಿಗೆಗೆ ನೇತು ಹಾಕಿದ ಕನ್ನಡಕ, ಜೇಬಿನಲ್ಲಿ ಸ್ಕ್ರೂಡ್ರೈವರು. ಸ್ಕ್ರೂಡ್ರೈವರ್ ಯಾತಕ್ಕೆ ಎಂದು ಕೇಳಿದರೆ, "ಇರಲಿ ಅಂತ" ಅಂದ. ಬಂದವನೇ ಗೊಜ್ಜವಲಕ್ಕಿ ತಿಂದ, ಹುಳಿ ಸ್ವಲ್ಪ ಮುಂದಾಗಿದೆ ಅಂದ, ಕಾಫಿ ಕುಡಿದ. ಆಮೇಲೆ ರಿಮೋಟ್ ಹಿಡಿದು ಒಳಗೆ ಹೋಗಿ ಹೋಗಿ ಡಿಎನ್‌ಎಸ್ ಇರುವ ಜಾಗ ತಲುಪಿದ. ಕನ್ನಡಕ ಏರಿಸಿದ. ಟಿವಿಯ ಹತ್ತಿರ ಹೋಗಿ ನೋಡಿದ. ನಕ್ಕ. ಆ ನಗುವನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಅತ್ತಿಗೆ, ಇದೇನಿದು ನಾಲ್ಕು, ಎಂಟು, ನಾಲ್ಕು, ಎಂಟು?"

"ನೀನೇ ಅಲ್ವಾ ಹೇಳಿದ್ದು, ನಾಲ್ಕು ಎಂಟು ಅಂತ."

"ಹೌದು, ನಾಲ್ಕು ಎಂಟು!"

"ಅದನ್ನೇ ಹಾಕಿದೀನಲ್ಲ, ನಾಲ್ಕು ಎಂಟು!"

"ಅಯ್ಯೋ ಅತ್ತಿಗೆ, ನಾಲ್ಕು ಎಂಟು ಅಂದ್ರೆ ಎಂಟು, ಎಂಟು, ಎಂಟು, ಎಂಟು. ನಾಲ್ಕು ಎಂಟು!"

"ಹಾಗಾದ್ರೆ ಡಬಲ್ ಎಂಟು ಡಬಲ್ ಎಂಟು ಅನ್ನಕ್ಕೆ ಬಾಯಿಗೆ ಏನಾಗಿತ್ತು ನಿನಗೆ? ಬ್ಯಾಂಕಲ್ಲಿ ಹೀಗೇ ಹೇಳ್ತಿದ್ಯಾ ಅಕೌಂಟ್ ನಂಬರು?"

"ಪ್ರಪಂಚದಲ್ಲಿ ಎಲ್ಲರಿಗೂ ಅರ್ಥ ಆಗುತ್ತೆ, ನಾಲ್ಕು ಎಂಟು ಅಂದ್ರೆ ನಾಲ್ಕು ಎಂಟು!"

"ನನಗೆ ಪ್ರಪಂಚ ಹೇಳ್ಬೇಡ. ನಾಲ್ಕು ಎಂಟು ಅಂದ್ರೆ ನಾಲ್ಕು, ಎಂಟು!"

ಇಬ್ಬರೂ ಎಪ್ಪತ್ತರ ಆಚೆ ಈಚೆಯವರು, ನಡುಮನೆಯಲ್ಲಿ ನಿಂತು ಒಬ್ಬರ ಮುಖಕ್ಕೆ ಒಬ್ಬರು ನಾಲ್ಕು ಎಂಟು, ನಾಲ್ಕು ಎಂಟು ಎಂದು ಕಿರುಚುತ್ತಿದ್ದೆವು. ಎದುರುಮನೆಯವರು ಕಿಟಕಿಗೆ ಬಂದರು. ಬಾಯಿ ಒಣಗಿ ನಾನು ಒಂದು ಕ್ಷಣ ನಿಲ್ಲಿಸಿದೆ. ಅವನು ಕೊನೆಯ ಸಲ ಟಿವಿಗೆ ಬೆರಳು ಕುಟ್ಟಿ, "ನಾಲ್ಕೂ... ಎಂಟೂ..." ಎಂದು ಎಳೆದ.

"ಮೂವತ್ತೆರಡು."

ದಿವಾನದ ಕಡೆಯಿಂದ ಬಂತು ಆ ದನಿ. ಒಡಕು ದನಿ, ಬಲತುಟಿಯಲ್ಲಿ ಸ್ವಲ್ಪ ಜಾರಿದ ದನಿ, ಆದರೆ ಕ್ಲಾಸಿನ ಕೊನೆಯ ಬೆಂಚಿನವರೆಗೂ ಕೇಳಿಸುವ ದನಿ. ತಿರುಗಿ ನೋಡಿದರೆ ಅಕ್ಕ ಎಡಗೈಯನ್ನು ಬಾಯಿಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ನಮ್ಮಿಬ್ಬರಿಗಿಂತ ಅವಳೇ ಹೆಚ್ಚು ಬೆಚ್ಚಿದ್ದಳು.

ನನ್ನ ಬಾಯಿಂದ ತಾನಾಗಿ ಹೊರಟದ್ದು ಹಳೆಯ ಮಾತು. "ತಿರುಗಿ ಹೇಳು."

"ಮೂವತ್ತೆರಡು," ಅಂದಳು ಅಕ್ಕ.

ನಾನು ಅವಳ ಕಾಲ ಬಳಿ ಕುಸಿದು ಕೂತೆ. "ನಾಲ್ಕೊಂಬತ್ಲಿ?" ಅಂದೆ. "ಮೂವತ್ತಾರು." "ನಾಲ್ಕ್‌ಹತ್ಲಿ?" "ನಲವತ್ತು." ಹಿಂದಕ್ಕೆ ಹೋಗಿ ಎರಡರಿಂದ ಶುರು ಮಾಡಿದೆ. ಎರಡೊಂದ್ಲಿ ಎರಡು, ಎರಡೆರಡ್ಲಿ ನಾಲ್ಕು. ರಾಗವಾಗಿ, ಹಳೆಯ ಶಾಲೆಯ ಮಕ್ಕಳು ಒಟ್ಟಾಗಿ ಹೇಳುವ ಅದೇ ರಾಗದಲ್ಲಿ, ಅವಳ ಬಾಯಿಂದ ಒಂದಾದ ಮೇಲೊಂದು ಬಂದವು. ಆರು ತಿಂಗಳು ಆ ಬಾಯಿಯೊಳಗೆ ಮಗ್ಗಿ ಹಾಗೇ ಕೂತಿತ್ತು, ಕೇಳುವವರಿಲ್ಲದೆ. ನೀರು, ನೀರು ಎಂದು ಪೀಡಿಸುತ್ತಿದ್ದೆವಲ್ಲ ಅವಳನ್ನು! ಮೈದುನ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಟೀಪಾಯಿಯ ಮೇಲಿನ ನನ್ನ ಕಸೂತಿ ಬಟ್ಟೆಯಲ್ಲೇ ಮೂಗು ಒರೆಸಿಕೊಂಡ.

ಆಮೇಲೆ ಅವನು ಎಂಟನ್ನು ನಾಲ್ಕು ಸಲ ಒತ್ತಿದ. ಪಾಠ ತೆರೆಯಿತು. ಟಿವಿಯ ತುಂಬ ಆ ಬಾಯಿ ಬಂದು "ನೀ... ರು..." ಅಂದಿತು. ಅಕ್ಕ ಎಡಗೈ ಚಾಚಿ ಆರಿಸು ಎಂದು ಸನ್ನೆ ಮಾಡಿದಳು.

ಶುಕ್ರವಾರ ಆ ಹುಡುಗಿ ಬಂದಾಗ ನಾನು ಬಾಗಿಲಲ್ಲೇ ಹೇಳಿದೆ. ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಅಕ್ಕನ ಬಾಯಿಂದ ಮೂರರದ್ದು, ನಾಲ್ಕರದ್ದು ಕೇಳಿಸಿಕೊಂಡು, ಬರೆದುಕೊಂಡು, ಮೆಲ್ಲಗೆ ನನ್ನ ಕಡೆ ತಿರುಗಿದಳು. "ತುಂಬಾ ಒಳ್ಳೇದು ಆಂಟಿ. ಆದ್ರೆ ಆಸೆ ಇಟ್ಕೊಂಡು ಆಮೇಲೆ ಬೇಜಾರಾಗ್ಬೇಡಿ. ಮಗ್ಗಿ, ಹಾಡು, ಶ್ಲೋಕ ಇವೆಲ್ಲ ಬಾಯಿಗೆ ಕೂತುಬಿಟ್ಟಿರುತ್ತೆ, ತಾನಾಗೇ ಬರುತ್ತೆ. ಅದು ಮಾತಲ್ಲ. ಅವರೇ ಯೋಚ್ನೆ ಮಾಡಿ, ಯಾರಿಗೋ ಹೇಳ್ಬೇಕು ಅಂತ ಹೇಳೋ ಒಂದು ಪದ ಬೇಕು." ನೀರಿನ ಲೋಟ ತೋರಿಸಿ ಇದೇನಮ್ಮ ಅಂದಳು. ಅಕ್ಕನ ಬಾಯಿ ತೆರೆಯಿತು, "ಹ್ಞಾ" ಅಂದಿತು, ಮುಚ್ಚಿತು. ನನ್ನನ್ನು ತೋರಿಸಿ ಇವರು ಯಾರಮ್ಮ ಅಂದಳು. "ಹ್ಞಾ." ಹುಡುಗಿ ಚೀಲಕ್ಕೆ ಕೈ ಹಾಕಿ ಕಾರ್ಡಿನ ಕಟ್ಟು ತೆಗೆದು ಅಕ್ಕನ ತೊಡೆಯ ಮೇಲಿಟ್ಟಳು. ಮೇಲುಗಡೆಯದು ಇಡ್ಲಿಯೇ.

ಈ ಸಲ ಅಕ್ಕ ಬಿಸಾಕಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇನ್ನೂ ಇದೆಯಮ್ಮ, ಪೂರ್ತಿ ಕೇಳು!" ಎಂದು ಆ ಹುಡುಗಿಯ ಮೇಲೆ ರೇಗಿದೆ. "ಬರೀ ನಾಲ್ಕರದ್ದಲ್ಲ, ಏಳರದ್ದೂ ಹೇಳ್ತಾಳೆ. ಅಕ್ಕ, ಹೇಳು. ಏಳೊಂದ್ಲಿ ಏಳು." ಅಕ್ಕ ಶುರು ಮಾಡಿದಳು, ದನಿಯಲ್ಲಿ ಜೀವವಿರಲಿಲ್ಲ. ಏಳೇಳ್ಲಿ ನಲವತ್ತೊಂಬತ್ತಕ್ಕೆ ಬಂದು ನಿಂತಳು. ಕಣ್ಣು ಇಡ್ಲಿಯ ಚಿತ್ರದ ಮೇಲೇ ಇತ್ತು. ಸುಮ್ಮನಾದರೆ ಎಲ್ಲ ಮುಗಿಯಿತು ಎಂದು ನನಗೆ ಅನಿಸಿತು. ಹೇಗಾದರೂ ಮುಂದಕ್ಕೆ ತಳ್ಳಬೇಕೆಂದು ಜೋರಾಗಿ ನಾನೇ ಹೇಳಿಬಿಟ್ಟೆ, "ಏಳೆಂಟ್ಲಿ ಐವತ್ನಾಲ್ಕು!"

ಅಕ್ಕನ ತಲೆ ಕಾರ್ಡಿನಿಂದ ಮೇಲೆದ್ದಿತು. ಕತ್ತು ತಿರುಗಿಸಿ, ಕಾಣುವ ಅರ್ಧ ಕಣ್ಣಿಗೆ ನನ್ನನ್ನು ಸರಿಯಾಗಿ ತಂದುಕೊಂಡು, ನನ್ನ ಮುಖವನ್ನೇ ನೋಡಿದಳು. ಬಾಯಿ ಒಂದು ಕಡೆ ಎಳೆಯಿತು. ತುಟಿ ಎರಡು ಸಲ ಕೂಡಿ ಬಿಟ್ಟಿತು, ಸದ್ದು ಬರಲಿಲ್ಲ. ಕೊರಳಿನ ನರ ಉಬ್ಬಿತು.

"ದಡ್ಡಿ."

"ಏನಂದ್ರು? ಏನಂದ್ರು ಆಂಟಿ?" ಹುಡುಗಿ ಎದ್ದು ನಿಂತಳು.

ನಾನು ಅಕ್ಕನ ಕೈ ಹಿಡಿದುಕೊಂಡೆ. "ತಿರುಗಿ ಹೇಳು ಅಕ್ಕ," ಅಂದೆ.

"ದಡ್ಡಿ," ಅಂದಳು. ಉಸಿರು ತೆಗೆದುಕೊಂಡು, "ಐವತ್ತಾರು," ಅಂದಳು. ಹುಡುಗಿ ಅಕ್ಕನ ತೊಡೆಯ ಮೇಲಿದ್ದ ಕಾರ್ಡಿನ ಕಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಈಗ ಮೈದುನ ಮದುವೆ ಮುಂಜಿಯಲ್ಲೆಲ್ಲ ಈ ಕಥೆಯನ್ನು ಹೇಳಿಕೊಂಡು ತಿರುಗುತ್ತಾನೆ. "ನಮ್ಮತ್ತಿಗೆ ತಲೆ ಅಂದ್ರೆ ತಲೆ. ಅಕ್ಕನಿಗೆ ಮಾತು ಬರ್ಲಿ ಅಂತ ಬೇಕೂಂತಲೇ ತಪ್ಪು ಹೇಳಿದ್ರು," ಅನ್ನುತ್ತಾನೆ. ಜನ ಬಂದು ನನ್ನ ಕೈ ಕುಲುಕುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ, ಅಕ್ಕನ ಕಡೆ ನೋಡುವುದೂ ಇಲ್ಲ. ಏಳೆಂಟ್ಲಿ ಎಷ್ಟು ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.